ಕೂಗಿದ್ದು ಯಾರು ಎನ್ನುವ ಮೊದಲು, ಯಾಕೆ ಎಂದು ಕೇಳಿ

ಪ್ರಶ್ನೆ: ನನ್ನ ಊರು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ಹದಿನೈದು ವರ್ಷ ಬೆಂಗಳೂರಿನಲ್ಲಿದ್ದೆ. ಈಗ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಸಿಕ್ಕಿದ್ದರಿಂದ ತೋಟದ ಮನೆಗೆ ವಾಪಸ್ ಬಂದಿದ್ದೇನೆ. ನಮ್ಮ ಅಜ್ಜಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತ ಕೂತಲ್ಲಿಂದಲೇ 'ಬೆಕ್ಕು ಬಂತು ನೋಡು', 'ನಾಳೆ ಮಳೆ ಹಿಡಿಯುತ್ತೆ' ಎಂದು ಬರೀ ಶಬ್ದ ಕೇಳಿ ಹೇಳುತ್ತಿದ್ದರು. ನನಗೆ ಎಲ್ಲವೂ ಒಂದೇ ಗದ್ದಲವಾಗಿ ಕೇಳಿಸುತ್ತದೆ. ಫೋನಿಗೆ ಮರ್ಲಿನ್ ಆ್ಯಪ್ ಹಾಕಿಕೊಂಡೆ. ಅದು ಕೂಗು ಕೇಳಿ ಹಕ್ಕಿಯ ಹೆಸರು ತೋರಿಸುತ್ತದೆ, ಮರುದಿನ ಮರೆತುಹೋಗುತ್ತದೆ. ಅಜ್ಜಿ ಹೇಳುತ್ತಿದ್ದುದರಲ್ಲಿ ವಿಜ್ಞಾನ ಇದೆಯೇ? ನಲವತ್ತು ದಾಟಿದ ಮೇಲೆ ಕಿವಿ ಪಳಗಿಸಲು ಆಗುತ್ತದೆಯೇ? ನಾವು ಕೂತು ಕೇಳಿದರೆ ಕಾಡಿಗೇನಾದರೂ ಉಪಯೋಗವೇ? ಹಕ್ಕಿಯ ಕೂಗನ್ನು ಫೋನಿನಲ್ಲಿ ಹಾಕಿ ಹತ್ತಿರ ಕರೆಸುವುದು ತಪ್ಪೇ?

ಉತ್ತರ: ಬೆಕ್ಕಿನಿಂದಲೇ ಶುರು ಮಾಡೋಣ. ನಿಮ್ಮ ಉಳಿದ ಪ್ರಶ್ನೆಗಳ ದಾರಿಯೂ ಅಲ್ಲಿಂದಲೇ ಹೊರಡುತ್ತದೆ.

ಅಜ್ಜಿಗೆ ಬೆಕ್ಕಿನ ಸುದ್ದಿ ಮುಟ್ಟಿಸಿದ್ದು ಬಹುಮಟ್ಟಿಗೆ ಅಳಿಲು. ಹಿತ್ತಲಿನ ಹಲಸಿನ ಮರದಲ್ಲಿ ಅಳಿಲೊಂದು ತಲೆ ಕೆಳಗಾಗಿ ಕಾಂಡಕ್ಕೆ ಅಂಟಿಕೊಂಡು, ಒಂದೊಂದು ಕೂಗಿಗೂ ಬಾಲವನ್ನು ಒಮ್ಮೆ ಝಾಡಿಸುತ್ತ, 'ಚಿಕ್, ಚಿಕ್, ಚಿಕ್' ಎಂದು ಬಿಡದೆ ಕೂಗುವುದನ್ನು ನೀವೂ ಕೇಳಿರುತ್ತೀರಿ. ಮುಂದಿನ ಸಲ ಹಾಗಾದಾಗ ಮರದ ಬುಡದ ಸುತ್ತ ಕಣ್ಣಾಡಿಸಿ. ಸಾಮಾನ್ಯವಾಗಿ ಬೆಕ್ಕು ಇರುತ್ತದೆ, ಇಲ್ಲವೇ ಕೇರೆ ಹಾವು. ಓಡಿಹೋಗುವ ಬದಲು ಅಲ್ಲೇ ನಿಂತು ಕೂಗುವುದಕ್ಕೆ ಕಾರಣವಿದೆ. ಹೊಂಚು ಹಾಕಿ ಹಿಡಿಯುವ ಪ್ರಾಣಿಗೆ ತಾನು ಕಣ್ಣಿಗೆ ಬಿದ್ದಾಯಿತು ಎಂದು ಗೊತ್ತಾದರೆ ಅರ್ಧ ಕೆಲಸ ಕೆಟ್ಟ ಹಾಗೆ. ಸ್ವಲ್ಪ ಹೊತ್ತಿಗೆ ಹರಟೆಮಲ್ಲ ಹಕ್ಕಿಗಳ ಗುಂಪು ಬಂದು ಸೇರುತ್ತದೆ, ಪಿಕಳಾರವೂ ದನಿಗೂಡಿಸುತ್ತದೆ. ಬೆಕ್ಕು ಎದ್ದು ತೋಟದ ಕಡೆ ನಡೆದರೆ ಗಲಾಟೆಯೂ ಅದರ ತಲೆಯ ಮೇಲೇ ತೋಟದ ಕಡೆ ಸರಿಯುತ್ತದೆ. ಬೆಕ್ಕು ಎಲ್ಲಿದೆ, ಯಾವ ಕಡೆ ಹೊರಟಿದೆ ಎರಡೂ ನಿಮ್ಮ ಅಜ್ಜಿಗೆ ತಲೆ ಎತ್ತದೆಯೇ ಸಿಗುತ್ತಿತ್ತು.

ಈಗ ಅದೇ ಹಿತ್ತಲಿನ ಮೇಲೆ ಗಿಡುಗ ಹಾದುಹೋಯಿತು ಎನ್ನಿ. ಗಲಾಟೆ ಆಗುವುದಿಲ್ಲ. ಯಾವುದೋ ಒಂದು ಸಣ್ಣ ಹಕ್ಕಿ 'ಸೀ...' ಎಂದು ಎಳೆಯಷ್ಟು ತೆಳ್ಳಗೆ ಕೂಗುತ್ತದೆ, ಆಮೇಲೆ ಎಲ್ಲವೂ ಒಮ್ಮೆಲೇ ಸ್ತಬ್ಧ. ಬ್ರಿಟನ್ನಿನ ಪೀಟರ್ ಮಾರ್ಲರ್ ಎಂಬ ಪಕ್ಷಿವಿಜ್ಞಾನಿ 1955ರಲ್ಲಿ ಈ ಎರಡು ಬಗೆಯ ಕೂಗುಗಳ ವ್ಯತ್ಯಾಸಕ್ಕೆ ಒಂದು ವಿವರಣೆ ಕೊಟ್ಟರು. ಶಬ್ದ ಎಲ್ಲಿಂದ ಬಂತು ಎಂದು ನಮಗೆ (ಗಿಡುಗಕ್ಕೂ) ತಿಳಿಯುವುದು ಎರಡು ಕಿವಿಗಳ ನಡುವಿನ ಸಣ್ಣ ವ್ಯತ್ಯಾಸದಿಂದ: ಒಂದಕ್ಕೆ ತುಸು ಮೊದಲು, ತುಸು ಜೋರಾಗಿ ಮುಟ್ಟುತ್ತದೆ. ತಟ್ಟನೆ ಶುರುವಾಗಿ ತಟ್ಟನೆ ನಿಲ್ಲುವ, ಹಲವು ಸ್ಥಾಯಿಗಳು ಕಲಸಿದ 'ಚಿಕ್'ನಂಥ ಒರಟು ಶಬ್ದದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಸಿಗುತ್ತದೆ. ಒಂದೇ ಸ್ಥಾಯಿಯಲ್ಲಿ ಮೆಲ್ಲಗೆ ಎದ್ದು ಮೆಲ್ಲಗೆ ಕರಗುವ ತೆಳು ಸಿಳ್ಳಿನಲ್ಲಿ ಸಿಗುವುದಿಲ್ಲ. ಬೆಕ್ಕನ್ನು ತೋರಿಸಿಕೊಡಬೇಕು, ಅದಕ್ಕೆ ಒರಟು ಕೂಗು. ಕೂಗಿದ ಹಕ್ಕಿಯ ಜಾಗ ಗಿಡುಗಕ್ಕೆ ಗೊತ್ತಾಗಬಾರದು, ಅದಕ್ಕೆ ಸಿಳ್ಳು. ಕೂಗಿನ ಆಕಾರವೇ ಅದರ ಕೆಲಸವನ್ನು ಹೇಳುತ್ತದೆ.

ನಾಗರಹೊಳೆಯಲ್ಲೋ ಬಂಡೀಪುರದಲ್ಲೋ ಸಫಾರಿಗೆ ಹೋದವರು ಇದರ ದೊಡ್ಡ ರೂಪವನ್ನು ನೋಡಿರುತ್ತಾರೆ. ಜೀಪಿನ ಡ್ರೈವರ್ ಇದ್ದಕ್ಕಿದ್ದಂತೆ ಎಂಜಿನ್ ಆಫ್ ಮಾಡಿ, ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, 'ಕಾಲ್ ಬರ್ತಾ ಇದೆ ಸಾರ್' ಅನ್ನುತ್ತಾರೆ. ಅವರಿಗೆ ಜಿಂಕೆ ಕೂಗಿದರೆ ಒಂದು ಲೆಕ್ಕ, ಕಡವೆ ಕೂಗಿದರೆ ಇನ್ನೊಂದು ಲೆಕ್ಕ. ಜಿಂಕೆ ಸಣ್ಣಪುಟ್ಟದ್ದಕ್ಕೂ ಬೆದರುವ ಪ್ರಾಣಿ. ಕಡವೆ ಮತ್ತೆ ಮತ್ತೆ ಕೂಗಿತೆಂದರೆ ಜೀಪು ತಿರುಗಿಸುತ್ತಾರೆ. ಮರದ ತುದಿಯಲ್ಲಿ ಕೂತ ಮುಸುವ ಕೆಳಗೆ ನೋಡುತ್ತ ಕೆಮ್ಮಿದರೆ ಹುಲಿಯೋ ಚಿರತೆಯೋ ಅದರ ಕಣ್ಣಳತೆಯಲ್ಲೇ ಇದೆ ಎಂದರ್ಥ. ಪ್ರವಾಸಿಗರು ಕಣ್ಣು ಕಿರಿದು ಮಾಡಿಕೊಂಡು ಪೊದೆ ಪೊದೆ ಹುಡುಕುವಾಗ ಡ್ರೈವರ್ ಕಿವಿಯಲ್ಲೇ ಹುಲಿಯ ದಾರಿಯನ್ನು ಗೆರೆ ಎಳೆದಿರುತ್ತಾರೆ. ನಿಮ್ಮ ಅಜ್ಜಿಯ ವಿದ್ಯೆಯೂ ಇದೇ.

ಹೀಗಾಗಿ ನಿಮ್ಮ ಮರೆವಿಗೆ ಕಾರಣ ಕಿವಿಯ ದೋಷ ಅಂತ ನನಗನ್ನಿಸುವುದಿಲ್ಲ. ಆ್ಯಪ್ 'ಯಾರು' ಎಂಬ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ. ಅಜ್ಜಿ ಆ ಪ್ರಶ್ನೆಯನ್ನು ಕೊನೆಗೆ ಕೇಳುತ್ತಿದ್ದರು, ಕೆಲವೊಮ್ಮೆ ಕೇಳುತ್ತಲೂ ಇರಲಿಲ್ಲ. ಯಾಕೆ ಕೂಗಿತು, ಯಾರಿಗೆ ಕೂಗಿತು, ಈಗಲೇ ಯಾಕೆ ಎಂಬುದು ಅವರಿಗೆ ಮುಖ್ಯವಾಗಿತ್ತು. ಕಾರಣ ಸಿಕ್ಕ ಶಬ್ದ ಮರೆಯುವುದಿಲ್ಲ. ಹೆಸರು ಮಾತ್ರ ಸಿಕ್ಕಿದ್ದು ಸಂತೆಯಲ್ಲಿ ಕಂಡ ಮುಖದಂತೆ ಹಾದುಹೋಗುತ್ತದೆ.

ಕೋಗಿಲೆಯನ್ನೇ ನೋಡಿ. ಅದರ ಹೆಸರು ಗೊತ್ತಿಲ್ಲದ ಕನ್ನಡಿಗರಿಲ್ಲ. ಆದರೆ 'ಕುಹೂ' ಎಂದು ಮೇಲೇರುತ್ತ ಹಾಡುವುದು ಗಂಡು, ಮೈಯೆಲ್ಲ ಕಪ್ಪು, ಕಣ್ಣು ಕೆಂಪು ಎಂಬುದನ್ನು ಎಷ್ಟು ಜನ ಗಮನಿಸಿದ್ದಾರೆ? ನಮ್ಮ ಸಿನಿಮಾ ಹಾಡುಗಳಲ್ಲಂತೂ ಕೋಗಿಲೆ ಸದಾ ಹೆಣ್ಣು. ಹೆಣ್ಣು ಕೋಗಿಲೆ ಕಂದು ಬಣ್ಣದ್ದು, ಮೈತುಂಬ ಬಿಳಿ ಚುಕ್ಕೆ. ಅದು 'ಕಿಕ್-ಕಿಕ್-ಕಿಕ್' ಎಂದು ಗಡಿಬಿಡಿಯಲ್ಲಿ ಕೂಗುತ್ತ ಮರದಿಂದ ಮರಕ್ಕೆ ಹಾರುತ್ತದೆ, ಹಿಂದೆ ಎರಡು ಕಾಗೆ ಅಟ್ಟಿಸಿಕೊಂಡು ಬರುತ್ತಿರುತ್ತವೆ. ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುವ ಹಕ್ಕಿ ಅದು, ಕಾಗೆಗೆ ಸಿಟ್ಟು ಬರದೆ ಇರುತ್ತದೆಯೇ? ಬೇಸಿಗೆಯಲ್ಲಿ ಕೋಗಿಲೆಯ ಕೂಗು ಜೋರಾಗುವುದಕ್ಕೂ ನಿಮ್ಮ ಊರಿನ ಕಾಗೆಗಳು ಕಡ್ಡಿ ಕಚ್ಚಿಕೊಂಡು ಓಡಾಡುವುದಕ್ಕೂ ಸಂಬಂಧವಿದೆ. ಇಷ್ಟನ್ನು ಒಮ್ಮೆ ಕಣ್ಣಾರೆ ನೋಡಿ, ಕಿವಿಯಾರೆ ಕೇಳಿದ ಮೇಲೆ ಆ 'ಕಿಕ್-ಕಿಕ್' ಮರೆಯಲು ಸಾಧ್ಯವೇ ಇಲ್ಲ.

ಆ್ಯಪನ್ನು ಬಿಸಾಡಬೇಕಾಗಿಲ್ಲ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ರೂಪಿಸಿದ ಮರ್ಲಿನ್‌ಗೆ ಶಬ್ದ ಗುರುತಿಸುವ ಸೌಲಭ್ಯ ಸೇರಿದ್ದು 2021ರಲ್ಲಿ. ಅದು ಶಬ್ದವನ್ನು ಸ್ಪೆಕ್ಟ್ರೋಗ್ರಾಂ ಎಂಬ ಚಿತ್ರವಾಗಿ ಮಾಡಿಕೊಂಡು, ಆ ಚಿತ್ರವನ್ನು ತಾನು ಕಲಿತ ಚಿತ್ರಗಳೊಂದಿಗೆ ಹೋಲಿಸುತ್ತದೆ. ಒಳ್ಳೆಯ ಉಪಕರಣ. ಆದರೆ ನಿಮ್ಮ ತೋಟಕ್ಕೆ ಬರುವ ಭೀಮರಾಜನ ಮುಂದೆ ಅದನ್ನೊಮ್ಮೆ ಇಟ್ಟು ನೋಡಿ! ಬಾಲದ ತುದಿಯಲ್ಲಿ ಎರಡು ಗರಿ ತೂಗಾಡಿಸಿಕೊಂಡಿರುವ ಆ ಹಕ್ಕಿ ಹತ್ತಾರು ಹಕ್ಕಿಗಳ ಕೂಗನ್ನು ಅಣಕಿಸುತ್ತದೆ. ಶ್ರೀಲಂಕಾದ ಕಾಡುಗಳಲ್ಲಿ ನಡೆದ ಅಧ್ಯಯನದಲ್ಲಿ ಭೀಮರಾಜ ಸುಮ್ಮನೆ ಅಣಕಿಸುವುದಿಲ್ಲ, ಅಪಾಯ ಬಂದಾಗ ಬೇರೆ ಹಕ್ಕಿಗಳ ಎಚ್ಚರಿಕೆಯ ಕೂಗನ್ನೇ ಆರಿಸಿ ಕೂಗುತ್ತದೆ ಎಂದು ಕಂಡುಬಂತು. ಅಂದರೆ ಅದಕ್ಕೂ ಸಂದರ್ಭ ಮುಖ್ಯ. ನೀವು ಮಾಡಬೇಕಾದ್ದು ಇಷ್ಟೆ: ಫೋನ್ ತೆಗೆಯುವ ಮೊದಲು ನಿಮ್ಮ ಊಹೆ ಹೇಳಿಕೊಳ್ಳಿ. ಆಮೇಲೆ ಆ್ಯಪ್ ಏನನ್ನುತ್ತದೆ ನೋಡಿ.

ಹಕ್ಕಿಗಳ ಮಾತು ಸಾಕು. ಸೂರ್ಯ ಮುಳುಗಿದ ಮೇಲೆ ನಿಮ್ಮ ಮನೆಯ ಸುತ್ತ ಏಳುವ ಶಬ್ದದಲ್ಲಿ ಹಕ್ಕಿಗಳ ಪಾಲು ತೀರ ಕಡಿಮೆ, ಮತ್ತು ಅಸಲು ಸಂಪತ್ತು ಇರುವುದು ಅಲ್ಲೇ ಎಂಬುದು ನನ್ನ ಪಕ್ಷಪಾತ.

ನಾವು ಎಲ್ಲವನ್ನೂ ಸೇರಿಸಿ ಜೀರುಂಡೆ ಅಂದುಬಿಡುತ್ತೇವೆ. ಅದರಲ್ಲಿ ಎರಡು ಬೇರೆ ಬೇರೆ ಕುಲಗಳಿವೆ. ಮುಂಗಾರಿನ ಮೊದಲು ಹಗಲಲ್ಲೇ ಮರದ ಮೇಲೆ ಕೂತು ಕಿವಿ ಕೊರೆಯುವುದು ಸಿಕಾಡ. ಅದರ ಹೊಟ್ಟೆಯ ಎರಡೂ ಪಕ್ಕದಲ್ಲಿ ಏಣುಗಳಿರುವ ಬಿಗಿಯಾದ ಪೊರೆಯಿದೆ. ಸ್ನಾಯು ಎಳೆದಾಗ ಅದು ಒಳಕ್ಕೆ ಬಾಗಿ 'ಟಿಕ್' ಅನ್ನುತ್ತದೆ, ಬಿಟ್ಟಾಗ ಮತ್ತೆ 'ಟಿಕ್'. ಇದು ಸೆಕೆಂಡಿಗೆ ನೂರಾರು ಸಲ ನಡೆದು, ಟೊಳ್ಳು ಹೊಟ್ಟೆಯಲ್ಲಿ ಮೊಳಗಿ, ನಮಗೆ ಒಂದೇ ಸಮನಾದ ಜೀರ್‌ಗುಡುವಿಕೆಯಾಗಿ ಕೇಳುತ್ತದೆ. ರಾತ್ರಿ ಹುಲ್ಲಿನಿಂದ, ಪೊದೆಯಿಂದ ಕೇಳುವ 'ಕ್ರೀ, ಕ್ರೀ' ಬೇರೆ ಕೀಟದ್ದು. ಇದಕ್ಕೆ ಕ್ರಿಕೆಟ್ ಎನ್ನುತ್ತಾರೆ. ಒಂದು ರೆಕ್ಕೆಯಲ್ಲಿ ಅರದಂಥ ಸಾಲು ಹಲ್ಲು, ಇನ್ನೊಂದರಲ್ಲಿ ಅದನ್ನು ಕೆರೆಯುವ ಅಂಚು. ರೆಕ್ಕೆಗೆ ರೆಕ್ಕೆ ಉಜ್ಜಿದರೆ ಹಾಡು. ಕೇಳುವ ಕಿವಿ ಇರುವುದು ಮುಂಗಾಲಿನಲ್ಲಿ, ಮೊಣಕಾಲಿನ ಕೆಳಗೆ! ಸಾಮಾನ್ಯವಾಗಿ ಹಾಡುವುದು ಗಂಡು ಮಾತ್ರ, ಕೇಳಿ ಹುಡುಕಿಕೊಂಡು ಬರುವುದು ಹೆಣ್ಣು.

ಈ ಕುಲದಲ್ಲಿ ಟ್ರೀ ಕ್ರಿಕೆಟ್ ಎಂಬ ಒಂದು ಬಡಕಲು ಕೀಟವಿದೆ, ತೆಳುಹಸಿರು ಬಣ್ಣ, ಗಾಜಿನಂಥ ರೆಕ್ಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ವಿದ್ಯಾರ್ಥಿಗಳು ಅದನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ಪೊದೆಗಾಡಿನಲ್ಲಿ ವರ್ಷಗಟ್ಟಲೆ ಕೇಳಿದ್ದಾರೆ. ಗಂಡುಗಳಲ್ಲಿ ಕೆಲವು ಒಂದು ವಿಚಿತ್ರ ಕೆಲಸ ಮಾಡುತ್ತವೆ. ಅಗಲವಾದ ಎಲೆಯೊಂದನ್ನು ಆರಿಸಿ, ಅದರ ನಡುಭಾಗದಲ್ಲಿ ತನ್ನ ರೆಕ್ಕೆಯ ಅಳತೆಯ ತೂತನ್ನು ಕಡಿದು ಮಾಡಿ, ಆ ತೂತಿನಲ್ಲಿ ತಲೆ ತೂರಿಸಿ ನಿಂತು, ರೆಕ್ಕೆಗಳನ್ನು ಎಲೆಯ ಮಟ್ಟಕ್ಕೆ ಹರಡಿ ಹಾಡುತ್ತವೆ. ಯಾಕೆಂದರೆ, ರೆಕ್ಕೆ ಅದುರುವಾಗ ಮುಂದಿನ ಗಾಳಿ ಒತ್ತಿದ ಕ್ಷಣವೇ ಹಿಂದಿನ ಗಾಳಿ ಸಡಿಲಾಗುತ್ತದೆ. ಆ ಹಾಡಿನ ಅಲೆಯ ಉದ್ದ ಹತ್ತು ಸೆಂಟಿಮೀಟರಿನ ಆಸುಪಾಸು, ರೆಕ್ಕೆಯೋ ಒಂದು ಸೆಂಟಿಮೀಟರು. ಮುಂದಿನ ಒತ್ತಡವೂ ಹಿಂದಿನ ಸಡಿಲವೂ ರೆಕ್ಕೆಯ ಅಂಚನ್ನು ಸುತ್ತಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ನಡುವೆ ಎಲೆ ಅಡ್ಡ ಬಂದರೆ ಈ ಸೋರಿಕೆ ನಿಲ್ಲುತ್ತದೆ. ಹಾಡು ಎರಡು ಮೂರು ಪಟ್ಟು ಜೋರಾಗುತ್ತದೆ. ಸ್ಪೀಕರನ್ನು ಬರಿದೇ ಬಿಡದೆ ಪೆಟ್ಟಿಗೆಯಲ್ಲಿ ಕೂರಿಸುವುದೂ ಇದೇ ಕಾರಣಕ್ಕೆ.

ಹಾಗಾದರೆ ಎಲ್ಲ ಗಂಡುಗಳೂ ಹೀಗೆ ಮಾಡಬೇಕಿತ್ತಲ್ಲ? ಮಾಡುವುದಿಲ್ಲ. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಎಲೆ ಕಡಿಯುವ ಗೋಜಿಗೆ ಹೋಗುವುದು ಹೆಚ್ಚಾಗಿ ಮೈಯಲ್ಲಿ ಸಣ್ಣವು, ದನಿಯಲ್ಲಿ ಮೆತ್ತಗಿನವು. ಹೆಣ್ಣಿಗೆ ಜೋರು ದನಿ ಇಷ್ಟ, ಯಾಕೆಂದರೆ ಜೋರು ದನಿ ಎಂದರೆ ದೊಡ್ಡ ಮೈ ಎಂಬುದು ಅದರ ಲೆಕ್ಕ. ಎಲೆಯ ಹಿಂದೆ ನಿಂತ ಸಣ್ಣವನು ಆ ಲೆಕ್ಕವನ್ನು ತಪ್ಪಿಸುತ್ತಾನೆ, ಹೆಣ್ಣು ಮೋಸಹೋಗುತ್ತದೆ. ಚಿಕ್ಕಬಳ್ಳಾಪುರದ ಒಂದು ಕಳೆಗಿಡದ ಎಲೆಯ ಮೇಲೆ ಇಷ್ಟೆಲ್ಲ ರಾಜಕೀಯ ನಡೆಯುತ್ತದೆ, ದಾರಿಯಲ್ಲಿ ಹೋಗುವ ನಮಗೆ ಅದು 'ರಾತ್ರಿ ಹುಳದ ಸದ್ದು'.

ಇನ್ನೊಂದು ಪ್ರಸಂಗ ಮಣಿಪಾಲದ್ದು. ಅಲ್ಲಿಯ ಮುರಕಲ್ಲಿನ (ಇಂಗ್ಲಿಷಿನಲ್ಲಿ ಲ್ಯಾಟರೈಟ್) ಬಯಲುಗಳಲ್ಲಿ ಮಳೆಗಾಲದಲ್ಲಿ ನಿಲ್ಲುವ ನೀರಿನಂಚಿನ ಹುಲ್ಲಿನಿಂದ ಕ್ರಿಕೆಟ್ಟಿನ ಹಾಡಿನಂಥ ಸದ್ದು ಕೇಳುತ್ತಿತ್ತು. ಊರು, ಕಾಲೇಜು, ರಸ್ತೆ ಎಲ್ಲದರ ನಡುವೆಯೇ. ಅದು ಕೀಟವಲ್ಲ, ಹೆಬ್ಬೆರಳಿನ ಉಗುರಿನಷ್ಟು, ಸುಮಾರು 1.6 ಸೆಂಟಿಮೀಟರಿನ ಕಪ್ಪೆ. ರಮಿತ್ ಸಿಂಗಲ್, ಕೆ.ಎಸ್. ಶೇಷಾದ್ರಿ, ಕೆ.ವಿ. ಗುರುರಾಜ ಮತ್ತು ಸಂಗಡಿಗರು ಸೇರಿ 2016ರಲ್ಲಿ ಅದನ್ನು ವಿಜ್ಞಾನಕ್ಕೆ ಹೊಸ ಜಾತಿಯೆಂದು ವರ್ಣಿಸಿ, ಮುರಕಲ್ಲಿನ ಹೆಸರನ್ನೇ ಇಟ್ಟರು: ಮೈಕ್ರೋಹೈಲಾ ಲ್ಯಾಟರೈಟ್. ಸಾವಿರಾರು ಜನ ದಿನವೂ ಓಡಾಡುವ ಜಾಗದಲ್ಲಿ ಒಂದು ಇಡೀ ಜಾತಿ ಕೂಗಿ ಕೂಗಿ ಹೇಳುತ್ತಿದ್ದರೂ ದಾಖಲೆಗೆ ಬರಲು ಅಷ್ಟು ಕಾಲ ಬೇಕಾಯಿತು. ಬಯಲು ಮುರಕಲ್ಲೆಂದರೆ ನಮ್ಮ ಕಡತಗಳಲ್ಲಿ 'ಬಂಜರು', ಕಲ್ಲುಕೋರೆಗೂ ಕಟ್ಟಡಕ್ಕೂ ಮೊದಲು ಬಲಿಯಾಗುವುದು ಅದೇ.

ನಿಮ್ಮ ತೋಟದಲ್ಲೂ ಹೀಗೆ ಕೀಟವೆಂದು ಬಗೆದ ಕಪ್ಪೆಗಳು ಖಂಡಿತ ಇವೆ. ಮೊದಲ ಮಳೆಗಳಾದ ಮೇಲೆ ಕಾಫಿ ಗಿಡದಿಂದಲೋ ಏಲಕ್ಕಿ ಬುಡದಿಂದಲೋ 'ಟಿಕ್... ಟಿಕ್-ಟಿಕ್' ಎಂದು ಕಲ್ಲಿಗೆ ಕಲ್ಲು ಕುಟ್ಟಿದ ಹಾಗೆ ಕೇಳುವುದು ಪೊದೆಗಪ್ಪೆ. ಅವುಗಳಿಗೆ ಕೆರೆ ಬೇಡ, ನೀರಲ್ಲಿ ಈಜುವ ಗೊದಮೊಟ್ಟೆಯ ಹಂತವೇ ಇಲ್ಲ. ಎಲೆಯ ಮೇಲೋ ತರಗೆಲೆಯ ಅಡಿಯಲ್ಲೋ ಇಟ್ಟ ಮೊಟ್ಟೆಯಿಂದ ನೇರವಾಗಿ ಮರಿಕಪ್ಪೆಯೇ ಹೊರಬರುತ್ತದೆ. ಗದ್ದೆಯ ಕಡೆಯಿಂದ ಗುಡುಗಿದಂತೆ ಕೇಳುವುದು ಗೋಂಕರು ಕಪ್ಪೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಅದರ ಗಂಡು ಅರಿಶಿನದಂಥ ಹಳದಿಗೆ ತಿರುಗುತ್ತದೆ, ಗಂಟಲಿನ ಎರಡು ಬದಿಗೆ ನೀಲಿ ಚೀಲ ಉಬ್ಬುತ್ತವೆ.

ಮಳೆಯ ಮಾತಿಗೆ ಬರೋಣ. ಇಲ್ಲಿ ಅಜ್ಜಿಗೆ ನಾನು ಪೂರ್ತಿ ಅಂಕ ಕೊಡುವುದಿಲ್ಲ. ನಿಜವಾದ ಊಹೆಗಳು ಮನೆಯಲ್ಲಿ ನೆನಪಿರುತ್ತವೆ, ಸುಳ್ಳಾದವು ಯಾರಿಗೂ ನೆನಪಿರುವುದಿಲ್ಲ. ಆದರೂ ಅವರ ಮಾತಿನ ಹಿಂದೆ ಎರಡು ಗಟ್ಟಿ ಸಂಗತಿಗಳಿವೆ. ಗಾಳಿಯಲ್ಲಿ ತೇವ ಹೆಚ್ಚಾದಾಗ ಕಪ್ಪೆಗಳು ಚುರುಕಾಗುತ್ತವೆ. ಅವುಗಳ ಚರ್ಮವೇ ಉಸಿರಾಟದ ಅಂಗವೂ ಹೌದು, ಒಣ ರಾತ್ರಿಯಲ್ಲಿ ಹೊರಗೆ ಕೂತು ಕೂಗುವುದು ಅವುಗಳಿಗೆ ಜೀವದ ಮೇಲಿನ ಆಟ. ಎರಡನೆಯದು, ಶಬ್ದ ಬರುವ ದಾರಿಯೇ ಬದಲಾಗುತ್ತದೆ. ಒಣ ಗಾಳಿ ಎತ್ತರದ ಸ್ಥಾಯಿಯ ಶಬ್ದವನ್ನು ಹೆಚ್ಚು ಹೀರುತ್ತದೆ, ತೇವದ ಗಾಳಿ ಕಡಿಮೆ ಹೀರುತ್ತದೆ. ಗಾಳಿ ಬೀಸುವ ದಿಕ್ಕಿನಲ್ಲಿ ಸಾಗುವ ಶಬ್ದ ನೆಲದ ಕಡೆಗೆ ಬಾಗುತ್ತದೆ, ಯಾಕೆಂದರೆ ಮೇಲಿನ ಗಾಳಿಯ ವೇಗ ಕೆಳಗಿನದಕ್ಕಿಂತ ಹೆಚ್ಚು. ಕರಾವಳಿಯವರು ಮುಂಗಾರಿನ ಮುಂಚೆ 'ಕಡಲು ಮೊರೆಯುತ್ತಿದೆ' ಎಂದು ಒಳನಾಡಿನ ಮನೆಯ ಜಗಲಿಯಲ್ಲಿ ಕೂತೇ ಹೇಳುವುದಕ್ಕೆ, ಅಲೆಗಳ ಅಬ್ಬರದ ಜೊತೆಗೆ, ಪಡುವಣ ಗಾಳಿ ಆ ಸದ್ದನ್ನು ಬಗ್ಗಿಸಿ ಹೊತ್ತು ತರುವುದೂ ಕಾರಣ. ನಿಮ್ಮಲ್ಲಿ ಕಡಲಿಲ್ಲ. ದಿನವೂ ಕೇಳದ ದೂರದ ಹಳ್ಳದ ಸದ್ದೋ ದೇವಸ್ಥಾನದ ಗಂಟೆಯೋ ಒಂದು ಸಂಜೆ ಹತ್ತಿರದಲ್ಲೇ ಇದ್ದಂತೆ ಕೇಳಿದರೆ ಗಾಳಿ ತಿರುಗಿದೆ ಎಂದು ಹೇಳಲು ಅಡ್ಡಿಯಿಲ್ಲ. ಮಳೆ ಬಂದೇ ಬರುತ್ತದೆ ಎಂದು ಅಡಿಕೆ ಅಂಗಳದಿಂದ ಎತ್ತುವ ಮೊದಲು ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ನೋಡಿ.

ನಲವತ್ತರ ನಂತರ ಕಿವಿ ಪಳಗುತ್ತದೆಯೇ ಎಂಬುದಕ್ಕೆ ನಮ್ಮ ಕುದುರೆಮುಖದಲ್ಲೇ ಉತ್ತರದ ಒಂದು ಭಾಗ ಇದೆ. ಅಲ್ಲಿಯ ನಿತ್ಯಹರಿದ್ವರ್ಣ ಕಾಡಿನ ಕ್ರಿಕೆಟ್ ಮತ್ತು ಮಿಡತೆ ಬಳಗದ ಮೇಲೆ ರೋಹಿಣಿ ಬಾಲಕೃಷ್ಣನ್ ಅವರ ತಂಡವೇ 2007ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ರೆಕಾರ್ಡರನ್ನೂ ತರಬೇತಾದ ಮನುಷ್ಯನ ಕಿವಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದ್ದರು. ಯಾವ ಯಾವ ಜಾತಿ ಹಾಡುತ್ತಿದೆ ಎಂದು ಹೇಳುವುದರಲ್ಲಿ ಕಿವಿ ಯಂತ್ರಕ್ಕೆ ಏನೂ ಕಡಿಮೆಯಿರಲಿಲ್ಲ. ಹತ್ತಾರು ಹಾಡುಗಳು ಒಂದರ ಮೇಲೊಂದು ಬಿದ್ದಿರುವಾಗ ಬೇಕಾದ ಒಂದನ್ನು ಹಿಡಿದು ಉಳಿದದ್ದನ್ನು ಹಿಂದೆ ಸರಿಸುವ ಕೆಲಸ ಮೆದುಳಿಗೆ ಸಲೀಸು. ಮದುವೆ ಮನೆಯ ಗದ್ದಲದಲ್ಲಿ ಯಾರೋ ನಿಮ್ಮ ಹೆಸರೆತ್ತಿದರೆ ತಟ್ಟನೆ ಕಿವಿ ನೆಟ್ಟಗಾಗುತ್ತದಲ್ಲ, ಅದೇ ಶಕ್ತಿ.

ವಯಸ್ಸು ಕಸಿಯುವುದು ಬೇರೆಯದನ್ನು. ಎಳೆಯ ಕಿವಿಗೆ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ) 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ಮೇಲಿನ ತುದಿ ವರ್ಷಗಳು ಕಳೆದಂತೆ ಸವೆಯುತ್ತದೆ, ಅದು ಎಲ್ಲರಿಗೂ ಆಗುವುದು. ಮನೆಯ ಮಕ್ಕಳಿಗೆ ಕೇಳಿಸುವ ಯಾವುದೋ ಸಣ್ಣ ಹುಳದ ಹಾಡು ನಿಮಗೆ ಕೇಳಿಸದಿದ್ದರೆ ಅವರನ್ನು ಜೊತೆಗೆ ಕೂರಿಸಿಕೊಳ್ಳಿ. ಕೆಳತುದಿಗಿಂತ ಕೆಳಗಿನದಂತೂ ಯಾವ ವಯಸ್ಸಿನವರಿಗೂ ಎಟುಕದು. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ನಮ್ಮ ಏಷ್ಯಾದ ಆನೆಗಳ ಪಕ್ಕ ಕೂತಿದ್ದ, ಪ್ರಾಣಿಗಳ ಶಬ್ದದ ಸಂಶೋಧಕಿ ಕೇಟಿ ಪೇನ್ ಅವರಿಗೆ ಏನೂ ಕೇಳದೆ ಗಾಳಿ ಮಾತ್ರ ಮಿಡಿದಂತೆ ಅನುಭವವಾಯಿತು. ರೆಕಾರ್ಡ್ ಮಾಡಿ ವೇಗ ಹೆಚ್ಚಿಸಿ ಕೇಳಿದಾಗ ಆನೆಗಳು ನಮ್ಮ ಕಿವಿಗೆ ನಿಲುಕದಷ್ಟು ಕೆಳಗಿನ ಸ್ಥಾಯಿಯಲ್ಲಿ ಮಾತಾಡುತ್ತಿರುವುದು ಬಯಲಾಯಿತು.

ಅಭ್ಯಾಸಕ್ಕೆ ನಾನು ಹೇಳುವುದು ಬಹಳವೇನಿಲ್ಲ. ದಿನವೂ ಒಂದೇ ಜಾಗದಲ್ಲಿ ಕೂರಿ. ತೋಟ ಸುತ್ತಬೇಡಿ, ಸುತ್ತಿದರೆ ನಿಮ್ಮ ಚಪ್ಪಲಿಯ ಕೆಳಗಿನ ತರಗೆಲೆಯೇ ಹೆಚ್ಚು ಕೇಳುತ್ತದೆ. ಬೆಳಕು ಹರಿಯುವ ಮುಂಚಿನ ಹೊತ್ತು ಒಳ್ಳೆಯದು. ಗಾಳಿ ನಿಂತಿರುತ್ತದೆ, ಹುಳ ಹಿಡಿಯುವಷ್ಟು ಬೆಳಕಿಲ್ಲದ್ದರಿಂದ ಹಕ್ಕಿಗಳಿಗೂ ಹಾಡುವುದಕ್ಕೆ ಪುರುಸೊತ್ತು. ನಿಮ್ಮ ಕಡೆ ಹಳ್ಳದ ಪಕ್ಕದಲ್ಲಿ ಮಲಬಾರ್ ಸಿಳ್ಳಾರ ಎಲ್ಲರಿಗಿಂತ ಮೊದಲು ಶುರು ಮಾಡುತ್ತದೆ, ರಾಗ ಮರೆತ ಹುಡುಗನೊಬ್ಬ ಸಿಳ್ಳು ಹಾಕಿಕೊಂಡು ಶಾಲೆಗೆ ಹೊರಟ ಹಾಗೆ. ಮೊದಲ ಕೆಲವು ನಿಮಿಷ ಏನನ್ನೂ ಗುರುತಿಸಲು ಹೋಗಬೇಡಿ. ಅತಿ ದೂರದ ಶಬ್ದ ಯಾವುದು, ಅತಿ ಹತ್ತಿರದ್ದು ಯಾವುದು ಎಂದಷ್ಟೇ ನೋಡಿ. ಆಮೇಲೆ ಒಂದೇ ಒಂದು ಕೂಗನ್ನು ಆರಿಸಿಕೊಂಡು ಅದರ ಬೆನ್ನು ಹಿಡಿಯಿರಿ: ಅದು ನಿಲ್ಲುತ್ತದೆಯೇ, ಬೇರೆ ಕಡೆಯಿಂದ ಉತ್ತರ ಬರುತ್ತದೆಯೇ, ಎರಡರ ನಡುವೆ ಎಷ್ಟು ಹೊತ್ತು. ಕುಟ್ರು ಹಕ್ಕಿಯಿಂದ ಶುರು ಮಾಡಿದರೆ ಸುಲಭ, ಒಂದು 'ಕುಟ್ರೂ ಕುಟ್ರೂ' ಎಂದರೆ ಇನ್ನೊಂದು ಸುಮ್ಮನಿರುವುದಿಲ್ಲ. ಎರಡೂ ಕಿವಿಯ ಹಿಂದೆ ಅಂಗೈಯನ್ನು ಬಟ್ಟಲಿನಂತೆ ಹಿಡಿದರೆ ಮುಂದಿನ ಶಬ್ದ ಎದ್ದು ಬರುತ್ತದೆ. ಕೇಳಿದ್ದನ್ನು ನಿಮಗೆ ಹೇಗೆ ಕೇಳಿತೋ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿಡಿ, ಪಕ್ಕದಲ್ಲಿ ಹೊತ್ತು ಮತ್ತು ಆಗ ಸುತ್ತ ಏನು ನಡೆಯುತ್ತಿತ್ತು ಎಂಬುದು. ಪುಸ್ತಕದಲ್ಲಿ ಹಾಕಿದ ಉಚ್ಚಾರಕ್ಕಿಂತ ನಿಮ್ಮದೇ ನಿಮಗೆ ನೆನಪಿರುತ್ತದೆ.

ಇನ್ನು, ನಾವು ಕೇಳಿದರೆ ಕಾಡಿಗೇನು? ಅಮೆರಿಕದ ಬರ್ನಿ ಕ್ರಾಸ್ ಎಂಬುವರು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬೆಟ್ಟಸಾಲಿನ ಲಿಂಕನ್ ಮೆಡೋ ಎಂಬಲ್ಲಿ 1988ರಲ್ಲಿ ಬೆಳಗಿನ ಶಬ್ದವನ್ನು ರೆಕಾರ್ಡ್ ಮಾಡಿದರು. ಅಲ್ಲಿ ಮರ ಕಡಿಯಲು ಅನುಮತಿ ಸಿಕ್ಕಿತ್ತು. ಕಾಡನ್ನು ಬೋಳಿಸುವುದಿಲ್ಲ, ಅಲ್ಲೊಂದು ಇಲ್ಲೊಂದು ಆರಿಸಿ ಕಡಿಯುತ್ತೇವೆ, ಪರಿಸರಕ್ಕೆ ಏನೂ ಆಗದು ಎಂಬ ಭರವಸೆಯೂ ಇತ್ತು. ಮರುವರ್ಷ ಅದೇ ಋತುವಿನಲ್ಲಿ ಅದೇ ಜಾಗಕ್ಕೆ ಹೋದರು. ಫೋಟೋದಲ್ಲಿ ಕಾಡು ಹಾಗೆಯೇ ಇತ್ತು. ರೆಕಾರ್ಡಿಂಗಿನಲ್ಲಿ ಹರಿಯುವ ತೊರೆ ಮತ್ತು ಒಂದು ಮರಕುಟಿಗ ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ಕಣ್ಣಿಗೆ ಕಾಣದ ನಷ್ಟ ಕಿವಿಗೆ ಸಿಕ್ಕಿತು. ಈಗ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ರೆಕಾರ್ಡರುಗಳನ್ನು ಮರಕ್ಕೆ ಕಟ್ಟಿ ಬರುತ್ತಾರೆ. ತಮಿಳುನಾಡಿನ ಆನೈಮಲೈ ಬೆಟ್ಟಗಳಲ್ಲಿ ಮರಳಿ ಬೆಳೆಸಿದ ಕಾಡುತುಣುಕುಗಳಿಗೆ ಹಕ್ಕಿ-ಕೀಟಗಳು ಎಷ್ಟರಮಟ್ಟಿಗೆ ವಾಪಸ್ ಬಂದಿವೆ ಎಂದು ನೋಡಲು ಇದೇ ವಿಧಾನ ಬಳಸಿದ್ದಾರೆ.

ಅದಕ್ಕಿಂತ ನೇರವಾದ ಉಪಯೋಗವೊಂದಿದೆ: ಕೇಳಲು ಕೂತವನಿಗೆ ತನ್ನದೇ ಸದ್ದು ಮೊದಲು ಕೇಳುತ್ತದೆ. ಅಮೆರಿಕದ ಐಡಹೋದಲ್ಲಿ ಸಂಶೋಧಕರು ರಸ್ತೆಯೇ ಇಲ್ಲದ ಒಂದು ದಿಣ್ಣೆಯ ಉದ್ದಕ್ಕೂ ಸ್ಪೀಕರುಗಳನ್ನು ಕಟ್ಟಿ, ವಾಹನಗಳ ಸದ್ದನ್ನು ಮಾತ್ರ ನಾಲ್ಕು ದಿನ ಹಾಕುವುದು, ನಾಲ್ಕು ದಿನ ನಿಲ್ಲಿಸುವುದು ಹೀಗೆ ಮಾಡಿದರು. ಹೊಗೆ ಇಲ್ಲ, ಚಕ್ರ ಇಲ್ಲ, ಬೆಳಕಿಲ್ಲ. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸದ್ದು ಹಾಕಿದ ದಿನಗಳಲ್ಲಿ ಹಕ್ಕಿಗಳ ಸಂಖ್ಯೆ ಕಾಲುಭಾಗಕ್ಕಿಂತ ಹೆಚ್ಚು ಇಳಿಯಿತು. ಕೆಲವು ಜಾತಿಗಳು ಆ ಕಡೆ ತಲೆಹಾಕಲೇ ಇಲ್ಲ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಇರುವ ಸಂಚಾರ ನಿರ್ಬಂಧದ ಬಗ್ಗೆ ವಾದ ನಡೆದಾಗಲೆಲ್ಲ ಗುದ್ದಿ ಸತ್ತ ಪ್ರಾಣಿಗಳ ಲೆಕ್ಕವಷ್ಟೇ ಮುಂದೆ ಬರುತ್ತದೆ. ಅದು ಬರಲೇಬೇಕು. ಆದರೆ ಆ ಒಂಬತ್ತು ಗಂಟೆ ಕಾಡು, ಒಂದು ಪ್ರಾಣಿಯ ಕೂಗು ಇನ್ನೊಂದಕ್ಕೆ ಕೇಳುವಷ್ಟು ಸುಮ್ಮನಿರುತ್ತದೆ ಎಂಬುದನ್ನು ಯಾರೂ ವಾದಕ್ಕೆ ತರುವುದಿಲ್ಲ. ತರಬೇಕು ಎನ್ನುತ್ತೇನೆ ನಾನು.

ಸದ್ದಿಗೆ ಹೊಂದಿಕೊಳ್ಳುವುದು ಜೀವಿಗಳಿಗೆ ಗೊತ್ತಿಲ್ಲವೆಂದಲ್ಲ. ನಿಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರು ಹೊತ್ತ ಒಂದು ಪುಟ್ಟ ಕಪ್ಪೆ ಇದೆ, ಭೋರ್ಗರೆಯುವ ತೊರೆಯ ಬಂಡೆಯ ಮೇಲೆ ಕೂರುವುದು. ನೀರಿನ ಅಬ್ಬರದಲ್ಲಿ ಕೂಗೊಂದೇ ಸಾಲದೆಂದು ಅದು ಹಿಂಗಾಲನ್ನು ಪಕ್ಕಕ್ಕೆ ಚಾಚಿ, ಬೆರಳುಗಳ ನಡುವಿನ ಬಿಳಿಯ ಜಾಲವನ್ನು ಬಾವುಟದಂತೆ ಬಿಚ್ಚಿ ತೋರಿಸಿ ಎದುರಾಳಿಗೆ ಸನ್ನೆ ಮಾಡುತ್ತದೆ. ಕುಣಿಯುವ ಕಪ್ಪೆ ಎಂಬ ಹೆಸರು ಅದಕ್ಕೇ ಬಂತು. ಆದರೆ ತೊರೆ ಹರಿಯುತ್ತಿರುವುದು ಲಕ್ಷಾಂತರ ವರ್ಷಗಳಿಂದ. ನಿಮ್ಮ ಪಕ್ಕದ ತೋಟಕ್ಕೆ ಕಳೆ ಕೊಚ್ಚುವ ಮೆಷಿನ್ ಬಂದು ಎಷ್ಟು ವರ್ಷವಾಯಿತು? ಮೆಷಿನ್ ಬೇಡವೆಂದು ಹೇಳಲು ನಾನು ಯಾರೂ ಅಲ್ಲ, ಕೂಲಿಗೆ ಜನ ಸಿಗದ ಕಷ್ಟ ನನಗೂ ಗೊತ್ತು. ಬೆಳಗಿನ ಮೊದಲ ಗಂಟೆ, ಸಂಜೆಯ ಕೊನೆಯ ಗಂಟೆ ಬಿಟ್ಟು ನಡುವೆ ಓಡಿಸಿದರೆ ಅರ್ಧ ಉಪಕಾರವಾದೀತು.

ಕೊನೆಗೆ, ಫೋನಿನಲ್ಲಿ ಕೂಗು ಹಾಕಿ ಕರೆಸುವುದು. ಬೇಡ. ನೀವು ಹಾಕಿದ್ದು ಗಂಡು ಹಕ್ಕಿಗೆ ತನ್ನ ಜಾಗಕ್ಕೆ ನುಗ್ಗಿದ ಇನ್ನೊಬ್ಬ ಗಂಡಿನ ದನಿ. ಅದು ಗೂಡನ್ನೋ ಮರಿಗೆ ತಿನ್ನಿಸುವುದನ್ನೋ ಬಿಟ್ಟು ಜಗಳಕ್ಕೆ ಬರುತ್ತದೆ, ಇಲ್ಲದ ಶತ್ರುವನ್ನು ಹುಡುಕುತ್ತದೆ. ನಿಮಗೆ ಒಂದು ಫೋಟೋ ಸಿಗುತ್ತದೆ. ಸಂಶೋಧಕರು ಪ್ಲೇಬ್ಯಾಕ್ ಬಳಸುತ್ತಾರೆ ನಿಜ, ಅದಕ್ಕೆ ಒಂದು ಪ್ರಶ್ನೆ ಇರುತ್ತದೆ, ಮಿತಿ ಇರುತ್ತದೆ, ಅನುಮತಿ ಇರುತ್ತದೆ. ಗೂಡು ಕಟ್ಟುವ ಕಾಲದಲ್ಲಂತೂ ಮರ್ಲಿನ್‌ನಲ್ಲಿರುವ ಮಾದರಿ ಕೂಗುಗಳನ್ನು ಹೊರಗೆ ಕೂತು ಕೇಳುವಾಗಲೂ ಇಯರ್‌ಫೋನ್ ಹಾಕಿಕೊಳ್ಳಿ.

ರೆಕಾರ್ಡ್ ಮಾಡಲು ಯಾವ ಅಡ್ಡಿಯೂ ಇಲ್ಲ, ಮಾಡಿ. ಫೋನನ್ನು ಕೈಯಲ್ಲಿ ಹಿಡಿಯದೆ ಕಲ್ಲಿನ ಮೇಲೋ ಕೊಂಬೆಯ ಕವಲಿನಲ್ಲೋ ಇಟ್ಟು, ಏರೋಪ್ಲೇನ್ ಮೋಡಿಗೆ ಹಾಕಿ, ಒಂದೆರಡು ನಿಮಿಷ ಅಲುಗಾಡದೆ ನಿಲ್ಲಿ. ಮುಗಿದ ಮೇಲೆ ನಿಮ್ಮ ದನಿಯಲ್ಲೇ ಊರು, ತಾರೀಕು, ಹೊತ್ತು, ಮಳೆಯೋ ಬಿಸಿಲೋ ಹೇಳಿಬಿಡಿ. ಆಮೇಲೆ ಫೈಲಿನ ಹೆಸರು ಕಳೆದರೂ ವಿವರ ಕಳೆಯುವುದಿಲ್ಲ. ಯಾವುದೆಂದು ತಿಳಿಯದ ಕೂಗನ್ನು 2005ರಿಂದ ನಡೆಯುತ್ತಿರುವ ಕ್ಸೆನೋ-ಕಾಂಟೊ ಎಂಬ ಜಾಲತಾಣಕ್ಕೆ ಏರಿಸಿದರೆ ಜಗತ್ತಿನ ಯಾವುದೋ ಮೂಲೆಯ ಪರಿಣತರು ಕೇಳಿ ಹೇಳುತ್ತಾರೆ. ಮೊದಲು ಹಕ್ಕಿಗಳಿಗಷ್ಟೇ ಇದ್ದ ಅದು ಈಗ ಕಪ್ಪೆ, ಮಿಡತೆ, ಬಾವಲಿಗಳ ಶಬ್ದವನ್ನೂ ತೆಗೆದುಕೊಳ್ಳುತ್ತದೆ. ತೀರ್ಥಹಳ್ಳಿಯ ಕಡೆಯಿಂದ ಮಳೆಗಾಲದ ರಾತ್ರಿಯ ರೆಕಾರ್ಡಿಂಗ್ ಬಂದರೆ ನಮ್ಮಂಥವರಿಗೆ ಕೆಲಸಕ್ಕೆ ಬರುತ್ತದೆ. ಜೂನ್‌ನಲ್ಲಿ ಶುರು ಮಾಡಿ, ಕಪ್ಪೆಗಳು ಆಗಲೇ ಹೆಚ್ಚು ಕೂಗುವುದು.